ಗೆದ್ದ ಮೇಲೂ ಕಪ್ಪ ಕೊಟ್ಟವರ ಊರಿನಲ್ಲಿ

ವಿಯೆಟ್ನಾಂ ರಾಜಧಾನಿ ಹನೋಯ್‌ನಲ್ಲಿ ಕಚೇರಿ ಕೆಲಸ ಮುಗಿದು ಒಂದು ಭಾನುವಾರ ಬಿಡುವು ಸಿಕ್ಕಿತ್ತು. ಅಲ್ಲಿನ ಸಹೋದ್ಯೋಗಿಯೊಬ್ಬರು ಊರು ತೋರಿಸಲು ನಡೆಸಿಕೊಂಡೇ ಹೊರಟರು. ಕ್ವಾಂಗ್ ಟ್ರುಂಗ್ ಬೀದಿಯಲ್ಲಿ ದಕ್ಷಿಣಕ್ಕೆ ಹೋದಂತೆ ಒಂದಾದ ಮೇಲೊಂದು ಅಡ್ಡರಸ್ತೆ: ಹಾಯ್ ಬಾ ಟ್ರುಂಗ್, ಲಿ ಥುವಾಂಗ್ ಕಿಯೆಟ್, ಟ್ರಾನ್ ಹುಂಗ್ ದಾವ್. ಮೂಲೆ ಮೂಲೆಯ ನೀಲಿ ಫಲಕದ ಮುಂದೆ ನಿಂತು ಅವರು ವಿವರಿಸಿದರು: ಇವರು ಚೀನಾದ ಹಾನ್ ಆಳ್ವಿಕೆಯ ವಿರುದ್ಧ ದಂಗೆ ಎದ್ದ ಅಕ್ಕತಂಗಿಯರು, ಇವರು ಚೀನಾದ್ದೇ ಸಾಂಗ್ ಸೇನೆಯನ್ನು ತಡೆದವರು, ಇವರು ಚೀನಾವನ್ನಾಳುತ್ತಿದ್ದ ಮಂಗೋಲರನ್ನು ಸೋಲಿಸಿದವರು. ನಾವು ನಡೆಯುತ್ತಿದ್ದ ಬೀದಿಯ ಕ್ವಾಂಗ್ ಟ್ರುಂಗ್ ಕೂಡ 1789ರಲ್ಲಿ ಚೀನಾದ ಚಿಂಗ್ ಪಡೆಯನ್ನು ಇದೇ ಊರಿನಿಂದ ಓಡಿಸಿದ ದೊರೆ. ಚೀನಾದ ರಾಯಭಾರಿ ಇಲ್ಲಿ ಕಾರಿನಲ್ಲಿ ಹೊರಟರೆ ಕಿಟಕಿಯಾಚೆ ಏನೇನು ಓದಬೇಕಾಗುತ್ತದೋ ಎಂದು ನಗು ಬಂತು.

ಅಲ್ಲಿಂದ ವಾನ್ ಮಿಯೆವ್‌ಗೆ ಹೋದೆವು. 1070ರಲ್ಲಿ ಸ್ಥಾಪನೆಯಾದ ವಿದ್ಯಾಮಂದಿರ. ಅಂಗಳದಲ್ಲಿ 82 ಕಲ್ಲಾಮೆಗಳು, ಒಂದೊಂದರ ಬೆನ್ನ ಮೇಲೂ ಒಂದು ಶಾಸನ, ಅದರಲ್ಲಿ ಅರಸನ ಪರೀಕ್ಷೆ ಗೆದ್ದ ಪಂಡಿತರ ಹೆಸರು. ಎಲ್ಲವೂ ಚೀನೀ ಲಿಪಿಯಲ್ಲಿ. ನಮ್ಮ ಸಹೋದ್ಯೋಗಿಗೆ ಅದರಲ್ಲಿ ಒಂದಕ್ಷರವೂ ಓದಲು ಬಾರದು, ಆದರೂ ಒಳಗಿದ್ದ ಕನ್‌ಫ್ಯೂಷಿಯಸ್ ಮೂರ್ತಿಗೆ ಭಕ್ತಿಯಿಂದಲೇ ಕೈಮುಗಿದರು.

ಬೀದಿಯಲ್ಲಿ ಚೀನಾವನ್ನು ಬಡಿದವರು, ಇಲ್ಲಿ ಚೀನಾದ ಗುರು. ಇದು ಹೇಗೆ ಎಂದು ಕೇಳಿದೆ. ಅವರಿಗೆ ನನ್ನ ಪ್ರಶ್ನೆಯೇ ಸೋಜಿಗ. ಕ್ವಾಂಗ್ ಟ್ರುಂಗ್ ಕಥೆಯ ಉಳಿದರ್ಧ ಆಗ ಹೊರಬಂತು. ಗೆದ್ದ ಮೇಲೆ ಆತ ಸಂಧಾನಕ್ಕೆ ದೂತರನ್ನು ಕಳಿಸಿ, ಸೋತ ಚಕ್ರವರ್ತಿಯಿಂದಲೇ ತನ್ನ ದೊರೆತನಕ್ಕೆ ಮನ್ನಣೆ ಪಡೆದ. ಅವನಿಗಿಂತ ಮುಂಚೆ, 1427ರಲ್ಲಿ, ಲೆ ಲೋಯ್ ಎಂಬ ನಾಯಕ ಚೀನಾದ ಮಿಂಗ್ ಸೈನ್ಯವನ್ನು ಮಣಿಸಿ, ಅದೇ ಸೈನಿಕರು ಊರಿಗೆ ಮರಳಲು ಹಡಗು, ಕುದುರೆ ಕೊಟ್ಟು, ಆಮೇಲೆ ಕಪ್ಪವನ್ನೂ ಕಳಿಸಿದ್ದ.

"ಸೋತವನು ಅಷ್ಟು ದೊಡ್ಡವನಾದರೆ ಗೆದ್ದವನೇ ಸಮಾಧಾನ ಮಾಡಬೇಕು. ನಾವೇನು ಮನೆ ಬದಲಾಯಿಸಲು ಆಗುತ್ತದೆಯೇ?" ಎಂದರು.

ಇಂದಿನ ವಿಯೆಟ್ನಾಂ ನಡೆಯುತ್ತಿರುವುದೂ ಇದೇ ಜಾಡಿನಲ್ಲಿ. 1979ರಲ್ಲಿ ಚೀನಾ ಗಡಿ ದಾಟಿ ಬಂತು. 1991ರಲ್ಲಿ ಸಂಬಂಧ ಮತ್ತೆ ಕುದುರಿತು. 2014ರಲ್ಲಿ, ಇಬ್ಬರೂ ತಮ್ಮದೆನ್ನುವ ಪ್ಯಾರಾಸೆಲ್ ದ್ವೀಪಗಳ ಬಳಿ ಚೀನಾ ತೈಲ ಕೊರೆಯುವ ರಿಗ್ ನಿಲ್ಲಿಸಿದಾಗ ಇಲ್ಲಿ ಕಾರ್ಖಾನೆಗಳಿಗೆ ಬೆಂಕಿ ಬಿತ್ತು. ಈಗಲೂ ಕಾರ್ಖಾನೆಗಳ ಬಿಡಿಭಾಗ ಹೆಚ್ಚಾಗಿ ಬರುವುದು ಚೀನಾದಿಂದ, ತಯಾರಾದ ಸರಕು ಹೆಚ್ಚಾಗಿ ಹೋಗುವುದು ಅಮೆರಿಕಕ್ಕೆ. 2023ರ ಸೆಪ್ಟೆಂಬರ್‌ನಲ್ಲಿ ಬೈಡನ್‌ಗೆ ಕೆಂಪುಹಾಸು, ಡಿಸೆಂಬರ್‌ನಲ್ಲಿ ಷಿ ಜಿನ್‌ಪಿಂಗ್‌ಗೆ. ಸೇನಾ ಕೂಟ ಸೇರುವುದಿಲ್ಲ, ವಿದೇಶಿ ನೆಲೆಗೆ ಜಾಗ ಕೊಡುವುದಿಲ್ಲ ಎಂದು ರಕ್ಷಣಾ ನೀತಿಯಲ್ಲೇ ಬರೆದಿಟ್ಟುಕೊಂಡಿದ್ದಾರೆ. ಎಲ್ಲ ನೆರೆಯವರೂ ಹೀಗಿಲ್ಲ. ಫಿಲಿಪೀನ್ಸ್ 2023ರಲ್ಲಿ ಅಮೆರಿಕದ ಪಡೆಗಳಿಗೆ ಇನ್ನೂ ನಾಲ್ಕು ನೆಲೆಗಳನ್ನು ತೆರೆಯಿತು. ಕಾಂಬೋಡಿಯ ಚೀನಾದ ನೆರವಿನಿಂದ ರೀಮ್ ನೌಕಾನೆಲೆಯನ್ನು ಹಿಗ್ಗಿಸಿಕೊಂಡಿತು. ನನ್ನ ಕಣ್ಣಿಗೆ ಇಬ್ಬರೂ ಒಂದೇ ಕಡೆ ಭಾರ ಹಾಕಿದವರು.

ನಮ್ಮ ನೌಕಾಪಡೆ 2023ರಲ್ಲಿ ಕೃಪಾಣ್ ಯುದ್ಧನೌಕೆಯನ್ನು ವಿಯೆಟ್ನಾಂಗೆ ಉಡುಗೊರೆಯಾಗಿ ಕೊಟ್ಟಿದ್ದನ್ನು ತುಸು ಹೆಮ್ಮೆಯಿಂದಲೇ ನೆನಪಿಸಿದೆ. ಅವರು ತಲೆಯಾಡಿಸಿ, "ನಿಮ್ಮ ನೆರೆಯಲ್ಲಿ ದೊಡ್ಡವರು ನೀವೇ ಅಲ್ಲವೇ? ಅವರು ನಿಮ್ಮೊಂದಿಗೆ ಹೇಗಿದ್ದಾರೆ?" ಎಂದರು.

2015ರ ನೇಪಾಳದ ಕಥೆ ಹೇಳಬೇಕಾಯಿತು. ಗಡಿಯಲ್ಲಿ ಇಂಧನದ ಲಾರಿಗಳು ತಿಂಗಳುಗಟ್ಟಲೆ ನಿಂತವು. ಅದು ನೇಪಾಳದ ತರಾಯಿ ಬಯಲಿನ ಮಧೇಸಿಗಳ ಪ್ರತಿಭಟನೆಯಿಂದ ಎಂದಿತು ದೆಹಲಿ. ದಿಗ್ಬಂಧನ ಎಂದಿತು ಕಠ್ಮಂಡು. ಮರುವರ್ಷ ಮಾರ್ಚ್‌ನಲ್ಲಿ ಪ್ರಧಾನಿ ಓಲಿ ಬೀಜಿಂಗ್‌ಗೆ ಹೋಗಿ ಚೀನಾದ ಮೂಲಕ ಸರಕು ಸಾಗಿಸುವ ಒಪ್ಪಂದ ಮಾಡಿಕೊಂಡರು. ಉಪಕಾರ ಮರೆತರು ಎಂದು ಗೊಣಗಿದವರು ನಮ್ಮಲ್ಲಿ ಕಡಿಮೆಯಿರಲಿಲ್ಲ.

"ನೇರ ಬೀಜಿಂಗ್‌ಗೇ ಹೋದರೇ?"

"ಇಲ್ಲ, ಅದಕ್ಕೂ ಮುಂಚೆ ಫೆಬ್ರವರಿಯಲ್ಲಿ ದೆಹಲಿಗೆ ಬಂದಿದ್ದರು."

"ಹಾಗಾದರೆ ಅವರಿಗೂ ಗೊತ್ತಿದೆ ಬಿಡಿ," ಎಂದು ಅವರು ನಕ್ಕರು.