ಬ್ಯಾಟರಿ ಬದಲಿಸುವ ಹೊತ್ತು

ನಾಪೋಕ್ಲು, 24 ನವೆಂಬರ್ 2024, ಭಾನುವಾರ

ಕಾರಿನ ಬ್ಯಾಟರಿಗೆ ನಾಲ್ಕು ವರ್ಷ ತುಂಬಿದೆ. ಕಾಫಿ ಕೊಯ್ಲು ಶುರುವಾಗುವ ಮುನ್ನ ಅದನ್ನು ಬದಲಿಸಬೇಕೇ, ಈ ಚಳಿಗಾಲವನ್ನೂ ಅದರಲ್ಲೇ ದಾಟಿಸಬಹುದೇ ಎಂಬುದನ್ನು ಇಂದು ತೀರ್ಮಾನಿಸಬೇಕಿತ್ತು. ಇಂತಹ ಬ್ಯಾಟರಿ ಸಾಮಾನ್ಯವಾಗಿ ಮೂರರಿಂದ ಐದು ವರ್ಷ ಬಾಳುತ್ತದೆ. ಆದರೆ ವಯಸ್ಸೊಂದನ್ನೇ ನೋಡಿ ಸಾವಿರಾರು ರೂಪಾಯಿ ಖರ್ಚು ಮಾಡಲು ನನಗೆ ಮನಸ್ಸಿಲ್ಲ.

ಬಯಲುಸೀಮೆಯಲ್ಲಿ ಬ್ಯಾಟರಿಯನ್ನು ಬಿಸಿಲು ಕೆಡಿಸಿದರೆ ನಮ್ಮಲ್ಲಿ ಮಳೆಗಾಲದ ಓಡಾಟ ಕೆಡಿಸುತ್ತದೆ. ತೋಟದಿಂದ ಪೇಟೆಗೆ, ಪೇಟೆಯಿಂದ ತೋಟಕ್ಕೆ ಮಾತ್ರ ಓಡುವ ಕಾರಿನಲ್ಲಿ ವೈಪರ್, ಹೆಡ್‌ಲೈಟ್, ಹಿಂಗಾಜಿನ ಡಿಫಾಗರ್ ಎಲ್ಲವೂ ಒಟ್ಟಿಗೆ ನಡೆಯುವುದರಿಂದ, ಸೆಲ್ಫ್ ಹೊಡೆಯುವಾಗ ಖರ್ಚಾದ ಚಾರ್ಜ್ ಮರಳಿ ತುಂಬುವ ಮೊದಲೇ ನಾವು ಎಂಜಿನ್ ನಿಲ್ಲಿಸಿರುತ್ತೇವೆ. ಹೀಗೆ ಅರೆಚಾರ್ಜಿನಲ್ಲೇ ವಾರಗಟ್ಟಲೆ ಉಳಿದರೆ ಸೀಸದ ಪ್ಲೇಟುಗಳ ಮೇಲೆ ಲೆಡ್ ಸಲ್ಫೇಟ್ ಹರಳುಗಟ್ಟಿ ಗಟ್ಟಿಯಾಗುತ್ತದೆ. ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಆ ಭಾಗ ಕೆಲಸಕ್ಕೆ ಬರುವುದಿಲ್ಲ.

ನಿನ್ನೆ ನೆಗೆಟಿವ್ ಕೇಬಲನ್ನು ಮೊದಲು ಬಿಚ್ಚಿ, ಪಾಸಿಟಿವ್ ಟರ್ಮಿನಲ್ ಸುತ್ತ ಕಟ್ಟಿದ್ದ ತಿಳಿಹಸಿರು ಪುಡಿಯನ್ನು ಅಡುಗೆ ಸೋಡಾ ಕದಡಿದ ನೀರಿನಿಂದ ತೊಳೆದೆ. (ಈ ಪುಡಿಯ ತಪ್ಪಿಗೆ ಎಷ್ಟು ಒಳ್ಳೆಯ ಬ್ಯಾಟರಿಗಳು ಗುಜರಿ ಸೇರಿವೆಯೋ!) ಬಳಿಕ ಪೂರ್ತಿ ಚಾರ್ಜ್ ಮಾಡಿ, ಕೇಬಲ್ ಜೋಡಿಸದೆ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಮಲ್ಟಿಮೀಟರ್ ಹಿಡಿದಾಗ 12.3 ವೋಲ್ಟ್ ತೋರಿಸಿತು. ಚೆನ್ನಾಗಿರುವ ಬ್ಯಾಟರಿ 12.6ರ ಆಸುಪಾಸಿನಲ್ಲಿ ನಿಲ್ಲಬೇಕು, 12.2 ಎಂದರೆ ಸುಮಾರು ಅರ್ಧ ಚಾರ್ಜ್ ಅಷ್ಟೇ. ಕೇಬಲ್ ಬಿಚ್ಚಿಯೇ ಇದ್ದುದರಿಂದ ವೈರಿಂಗ್‌ನಲ್ಲಿ ಕರೆಂಟ್ ಸೋರಿಹೋಗಿದೆ ಎಂಬ ಸಂಶಯಕ್ಕೂ ಎಡೆಯಿಲ್ಲ. ಮಗನಿಂದ ಸೆಲ್ಫ್ ಹೊಡೆಸಿದಾಗ ಅಂಕಿ 9ಕ್ಕಿಂತ ಕೆಳಗೆ ಕುಸಿದು, ಡ್ಯಾಶ್‌ಬೋರ್ಡಿನ ದೀಪಗಳೆಲ್ಲ ಮಂಕಾಗಿ, ಎಂಜಿನ್ ಏದುಸಿರು ಬಿಟ್ಟು ಅಂತೂ ಹಿಡಿದುಕೊಂಡಿತು. ಸ್ಟಾರ್ಟ್ ಆದ ಮೇಲೆ 14.2 ವೋಲ್ಟ್ ಬಂದುದರಿಂದ, ಎಂಜಿನ್ ಓಡುವಾಗ ಬ್ಯಾಟರಿಗೆ ಚಾರ್ಜ್ ತುಂಬುವ ಆಲ್ಟರ್ನೇಟರ್ ಸರಿಯಾಗಿಯೇ ಇದೆ.

ಪರಿಚಯದ ಮೆಕ್ಯಾನಿಕ್‌ಗೆ ಫೋನ್ ಮಾಡಿ ಹೇಳಿದೆ. "ಇನ್ನೂ ಎರಡು ತಿಂಗಳು ಓಡ್ತದೆ ಸಾರ್, ತಳ್ಳಲಿಕ್ಕೆ ಜನ ಇದ್ದರೆ" ಎಂದರು.

ಜನವರಿಯ ಮುಂಜಾನೆಯ ಚಳಿಯಲ್ಲಿ ಬ್ಯಾಟರಿಯೊಳಗಿನ ಕ್ರಿಯೆ ನಿಧಾನವಾಗುತ್ತದೆ, ಎಂಜಿನ್ ಆಯಿಲ್ ಮಂದವಾಗುತ್ತದೆ. ಸಂಪೀಡನ ಹೆಚ್ಚಿರುವ ಡೀಸೆಲ್ ಎಂಜಿನ್ ಅಂತಹ ಹೊತ್ತಿನಲ್ಲೇ ಹೆಚ್ಚು ಕರೆಂಟ್ ಕೇಳುತ್ತದೆ. ಫೋನ್ ಮಾಡಿದರೆ ಮನೆಬಾಗಿಲಿಗೇ ಹೊಸ ಬ್ಯಾಟರಿ ತಂದು ಜೋಡಿಸುವ ನಗರದಲ್ಲಿ ಅದು ಪೂರ್ತಿ ಸಾಯುವವರೆಗೆ ಕಾಯುವುದು ಜಾಣತನವಿರಬಹುದು. ನೆಟ್‌ವರ್ಕ್ ಸಿಗದ ತೋಟದ ರಸ್ತೆಯಲ್ಲಿ, ಕೊಯ್ಲಿನ ಆಳುಗಳು ಕಾಯುತ್ತಿರುವಾಗ, ಉಳಿದಿರಬಹುದಾದ ಆ ಎರಡು ತಿಂಗಳನ್ನು ಬಿಟ್ಟುಕೊಡುವುದೇ ಲಾಭ.

ನಾಳೆ ಮಡಿಕೇರಿಗೆ ಹೋಗಿ ಅದೇ ಸಾಮರ್ಥ್ಯದ, ಅಂದರೆ ಅದೇ ಆಂಪಿಯರ್-ಅವರ್‌ನ, ಟರ್ಮಿನಲ್ ಅದೇ ಬದಿಗಿರುವ ಬ್ಯಾಟರಿಯನ್ನೇ ತರುತ್ತೇನೆ. ಅಂಗಡಿಯಲ್ಲಿ ತಿಂಗಳುಗಟ್ಟಲೆ ಕುಳಿತ ಮಾಲು ಬೇಡ. ತಯಾರಿಕೆಯ ತಿಂಗಳನ್ನು ನೋಡಿಯೇ ತೆಗೆದುಕೊಳ್ಳಬೇಕು. ಹಳೆಯದನ್ನು ಅಲ್ಲೇ ಎಕ್ಸ್‌ಚೇಂಜ್‌ಗೆ ಕೊಟ್ಟರೆ ಬೆಲೆಯಲ್ಲಿ ಕಡಿತ ಸಿಗುತ್ತದೆ, ಸೀಸವೂ ಮರುಬಳಕೆಗೆ ಹೋಗುತ್ತದೆ. ವಾರಂಟಿ ಕಾರ್ಡಿಗೆ ದಿನಾಂಕ ಬರೆಸಿ ಸೀಲು ಹಾಕಿಸಿಕೊಳ್ಳಬೇಕು.