ಸಿಪಿಆರ್ ಬೊಂಬೆ: ಎದೆ ಕೊನೆಗೂ ಪೂರ್ತಿ ಮೇಲೆ ಬಂತು

ಸಿಪಿಆರ್ ಅಂದರೆ ಹೃದಯ ನಿಂತವರ ಎದೆ ಒತ್ತಿ ಒತ್ತಿ ರಕ್ತ ಹರಿಸುವುದು. ಅದನ್ನು ಕಲಿಸಲು ನಾನೇ ಮಾಡುತ್ತಿರುವ ಬೊಂಬೆಯ ಎದೆಯನ್ನು ನಿನ್ನೆ ರಾತ್ರಿ ಬಿಡದೆ ಎರಡು ನಿಮಿಷ ಒತ್ತಿದೆ. 220 ಸಲ ಕೆಳಗೆ ಹೋಯಿತು, 220 ಸಲವೂ ಪೂರ್ತಿ ಮೇಲೆ ಬಂತು. ಏಳು ವಾರದಿಂದ ಕಾಯುತ್ತಿದ್ದೆ. ಖುಷಿಗೆ ಮನೆಯವರನ್ನೆಲ್ಲ ಎಬ್ಬಿಸಿದೆ.

ತಲೆ, ಕುತ್ತಿಗೆ, ಮೈ ಹೊಲಿದದ್ದನ್ನು ಬರೆಯುವುದಿಲ್ಲ. ಬಳ್ಳಾರಿಯಲ್ಲಿ ಜೀನ್ಸ್ ಚೂರಿಗೆ ಬರವಿಲ್ಲ, ಒಂದು ಮೂಟೆ ಪುಕ್ಕಟೆ ಸಿಕ್ಕಿತು. ಕಾಡಿದ್ದು ಎದೆಯೊಳಗಿನ ಸ್ಪ್ರಿಂಗ್.

ದೊಡ್ಡವರ ಎದೆಯನ್ನು 5ರಿಂದ 6 ಸೆಂ.ಮೀ. ಒತ್ತಬೇಕು, ನಿಮಿಷಕ್ಕೆ 100ರಿಂದ 120 ಸಲ. 45 ಕೆಜಿ ಭಾರಕ್ಕೆ 5 ಸೆಂ.ಮೀ. ಇಳಿಯಲಿ ಎಂದು ಲೆಕ್ಕ ಹಾಕಿ 4 ಮಿ.ಮೀ. ತಂತಿಯ ಸ್ಪ್ರಿಂಗ್ ತರಿಸಿದೆ. ಮೇಲೆ ಸಿರುಗುಪ್ಪದ 25 ಕೆಜಿ ಅಕ್ಕಿ ಚೀಲ ಇಟ್ಟರೆ 2.8 ಸೆಂ.ಮೀ. ಇಳಿಯಬೇಕಿತ್ತು. 4.2 ಇಳಿಯಿತು! ಎರಡು ದಿನ ನನ್ನ ಲೆಕ್ಕವನ್ನೇ ಮತ್ತೆ ಮತ್ತೆ ತಿದ್ದಿದೆ. ಆಮೇಲೆ ವರ್ನಿಯರ್ ಹಿಡಿದೆ: ತಂತಿ 3.6 ಮಿ.ಮೀ. ಸ್ಪ್ರಿಂಗಿನ ಬಿಗಿ ತಂತಿಯ ದಪ್ಪದ ನಾಲ್ಕನೇ ಘಾತಕ್ಕೆ ತಕ್ಕಂತೆ ಏರಿಳಿಯುತ್ತದೆ. 0.4 ಮಿ.ಮೀ. ಕಮ್ಮಿಯಾದದ್ದಕ್ಕೆ ಮೂರರಲ್ಲೊಂದು ಪಾಲು ಬಿಗಿ ಹೋಗಿತ್ತು. ಕೊಟ್ಟವರಿಗೆ ಫೋನ್ ಮಾಡಿದರೆ, "ಅಷ್ಟಕ್ಕೆಲ್ಲ ಏನಾಗ್ತದ ಸರ್?" ಏನಾಗುತ್ತದೆ ಅಂದರೆ, ಮೆತ್ತನೆ ಬೊಂಬೆಯ ಮೇಲೆ ಕಲಿತ ಕೈ ನಿಜವಾದ ಎದೆಯ ಮೇಲೆ 3 ಸೆಂ.ಮೀ.ಗೇ ನಿಂತುಬಿಡುತ್ತದೆ.

ಕೊನೆಗೆ ಕೌಲ್ ಬಜಾರಿನ ಲೇತ್ ಅಂಗಡಿಯಲ್ಲಿ ಎದುರಿಗೆ ನಿಂತು ಸುತ್ತಿಸಿದೆ. ಬಿಗಿ ಸರಿಹೋಯಿತು. ಆದರೆ ಎದೆಯೊಳಗೆ ಒಂದರೊಳಗೊಂದು ಜಾರುವ ಎರಡು ಪೈಪುಗಳಿವೆ; ಕೈ ಸ್ವಲ್ಪ ವಾರೆಯಾದರೂ 75 ಮಿ.ಮೀ. ಪೈಪು 90 ಮಿ.ಮೀ. ಪೈಪಿನೊಳಗೆ ಓರೆಯಾಗಿ ಸಿಕ್ಕಿಕೊಂಡು ಎದೆ ಅರ್ಧಕ್ಕೇ ನಿಲ್ಲುತ್ತಿತ್ತು. ಇದನ್ನು ಹೇಗೋ ನಡೆಯುತ್ತದೆ ಎಂದು ಬಿಡುವ ಹಾಗಿಲ್ಲ. ಎದೆ ಪೂರ್ತಿ ಮೇಲೆ ಬಂದಾಗಲೇ ಹೃದಯಕ್ಕೆ ರಕ್ತ ತುಂಬುವುದು. ತುಂಬದಿದ್ದರೆ ಮುಂದಿನ ಒತ್ತಿಗೆ ಮಿದುಳಿಗೆ ಹೋಗುವುದಾದರೂ ಏನು? ಗ್ರೀಸ್, ಸೈಕಲ್ ಟ್ಯೂಬ್, ಎಲ್ಲ ಆಯಿತು. ಉತ್ತರ ಮೂಟೆಯಲ್ಲೇ ಇತ್ತು: ಒಳಪೈಪಿನ ಮೇಲೆ ಕೆಳಗೊಂದು, ನಡುವೆ ಒಂದು ಡೆನಿಮ್ ಪಟ್ಟಿ, ನಾಲ್ಕು ಸುತ್ತು, ಮೇಲೆ ಮೇಣ. ಓರೆಯಾಗುವುದು ನಿಂತೇ ಹೋಯಿತು.

1960ರಲ್ಲಿ ಇಂಥ ಮೊದಲ ಬೊಂಬೆ ಮಾಡಿದ ನಾರ್ವೆಯ ಲೇರ್ಡಾಲ್ ಆಟಿಕೆ ತಯಾರಿಸುವವರು. ಆ ಮನುಷ್ಯನ ನೆನಪು ಈ ಏಳು ವಾರದಲ್ಲಿ ಬಹಳ ಸಲ ಬಂತು.

ಹೋದ ವರ್ಷ ನಮ್ಮ ಹೊಲಿಗೆ ಯೂನಿಟ್ಟಿನಲ್ಲಿ ಒಬ್ಬರು ಕುಸಿದಾಗ ನಾವು ಗಾಳಿ ಹಾಕಿದೆವು, ಬಾಯಿಗೆ ನೀರು ಬಿಟ್ಟೆವು, ಅಂಗಾಲು ತಿಕ್ಕಿದೆವು. ಅವರು ಗೊರ್ ಗೊರ್ ಎನ್ನುವುದನ್ನೇ ಉಸಿರು ಅಂದುಕೊಂಡೆವು. ಎದೆ ಒತ್ತಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ. ಅದಕ್ಕೇ ಇವತ್ತು ಬೊಂಬೆಯನ್ನು ಮೊದಲು ಅಲ್ಲಿಗೇ ಒಯ್ದೆ.

"ಇಷ್ಟು ಜೋರು ಒತ್ತಿದ್ರ ಎಲುಬು ಮುರಿಯಂಗಿಲ್ಲೇನಣ್ಣ?" ಅಂತ ಕಾಜಾ ಮಷಿನ್ನಿನ ಅಕ್ಕ ಕೇಳಿದರು.

"ಮುರೀಬಹುದಕ್ಕ. ಎಲುಬು ಕೂಡ್ತದ, ಹೋದ ಜೀವ ಬರಂಗಿಲ್ಲ."

"ಎದಿನೋವು ಅಂತ ಕುಂತೋರಿಗೂ ಒತ್ತಬೇಕಾ?"

ಒಳ್ಳೆ ಪ್ರಶ್ನೆ. ಎಚ್ಚರ ಇದ್ದವರ ಎದೆ ಮುಟ್ಟಬಾರದು. ಕೂರಿಸಿ, 108ಕ್ಕೆ ಹೇಳಿ, ಅಲರ್ಜಿ, ರಕ್ತಸ್ರಾವ ಇಲ್ಲದಿದ್ದರೆ 300 ಮಿ.ಗ್ರಾಂ. ಆಸ್ಪಿರಿನ್ ಅಗಿಸಬೇಕು. ಕರೆದರೂ ಓಗೊಡದೆ, ಉಸಿರು ಸರಿ ಇಲ್ಲದಿದ್ದರೆ ಮಾತ್ರ ಒತ್ತು. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು.

ಮುಂದಿನ ಕೆಲಸ ಎಇಡಿ (ಹೃದಯಕ್ಕೆ ಶಾಕ್ ಕೊಟ್ಟು ಬಡಿತ ಸರಿಮಾಡುವ ಯಂತ್ರ) ತರಬೇತಿ ಪೆಟ್ಟಿಗೆ. ಶಾಕ್ ಇರುವುದಿಲ್ಲ, ಎರಡು ಪ್ಯಾಡು, ಸ್ಪೀಕರು ಅಷ್ಟೆ, ದನಿ ನಮ್ಮೂರಿನದೇ ಬೇಕು: "ಎಲ್ಲಾರೂ ದೂರ ಸರೀರಿ, ಯಾರೂ ಮುಟ್ಟಬ್ಯಾಡ್ರಿ." ದನಿ ಕೊಡಲು ಅದೇ ಅಕ್ಕನನ್ನು ಕೇಳಿದ್ದೇನೆ, ಒಪ್ಪಿದ್ದಾರೆ. ಅಷ್ಟರಲ್ಲಿ ಡೆನಿಮ್ ಪಟ್ಟಿ ಎಷ್ಟು ಸಾವಿರ ಒತ್ತಿಗೆ ಸವೆಯುತ್ತದೆ ನೋಡಬೇಕು. ಸದ್ಯಕ್ಕೆ ಎಣಿಕೆ 1,340.