ಹಿಟ್ (HIIT) ವ್ಯಾಯಾಮವೋ ಕಾರ್ಡಿಯೋವೋ ಎಂದು ಕೇಳುವವರಿಗೆ

‘ಹಿಟ್ ಒಳ್ಳೆಯದೋ ಕಾರ್ಡಿಯೋ ಒಳ್ಳೆಯದೋ, ಒಂದೇ ಮಾತಿನಲ್ಲಿ ಹೇಳಿಬಿಡಿ.’ ನಾನು ಓಟದ ಶೂ ಹಾಕಿಕೊಂಡು ಹೊರಬಿದ್ದ ದಿನವೆಲ್ಲ ಯಾರಾದರೊಬ್ಬರು ಹೀಗೆ ಅಡ್ಡಗಟ್ಟುತ್ತಾರೆ. ಲಿಫ್ಟಿನಲ್ಲಿ ನಿಂತು ಕೇಳುತ್ತಾರೆ. ಮೆಟ್ಟಿಲು ಪಕ್ಕದಲ್ಲೇ ಇರುತ್ತದೆ. ನಾನು ಏದುಸಿರು ಬಿಡುತ್ತ ಸೈಕಲ್ ತುಳಿಯುವಾಗಲೂ ಕೇಳುತ್ತಾರೆ. ಇನ್ನು ಬಾಯಲ್ಲಿ ಹೇಳುವುದಿಲ್ಲ. ಬರೆದಿದ್ದೇನೆ, ಓದಿಕೊಳ್ಳಿ.

ಮೊದಲನೆಯದಾಗಿ, ಕಾರ್ಡಿಯೋ ಎಂದರೆ ಹೃದಯಕ್ಕೂ ಉಸಿರಿಗೂ ಕೆಲಸ ಕೊಡುವ ವ್ಯಾಯಾಮ. ಹಿಟ್ ಎಂದರೆ ನಡುನಡುವೆ ಬಿಡುವು ಕೊಟ್ಟು ಮಾಡುವ ತೀವ್ರ ವ್ಯಾಯಾಮ, ಅದು ಕೂಡ ಕಾರ್ಡಿಯೋ ಕುಲದ್ದೇ. ನೀವು ಕೇಳಬೇಕೆಂದಿರುವುದು, ಒಂದೇ ಹದದಲ್ಲಿ ಮುಕ್ಕಾಲು ಗಂಟೆ ಸಾಗುವುದು ಮೇಲೋ, ಕೆಲವು ಸೆಕೆಂಡು ಜೀವ ಬಿಟ್ಟು ಓಡಿ, ಸುಧಾರಿಸಿಕೊಂಡು, ಮತ್ತೆ ಓಡುವುದು ಮೇಲೋ ಎಂದು. ಎರಡನೆಯದು ಸಮಯ ಉಳಿಸುತ್ತದೆ, ನಿಜ. ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2016ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ವ್ಯಾಯಾಮದ ರೂಢಿಯೇ ಇಲ್ಲದ ಗಂಡಸರಿಂದ 12 ವಾರ ಸೈಕಲ್ ತುಳಿಸಿದರು. ಒಂದು ಗುಂಪಿಗೆ ಪ್ರತಿಸಲ 45 ನಿಮಿಷ ಸಮವೇಗ. ಇನ್ನೊಂದಕ್ಕೆ ಒಟ್ಟು 10 ನಿಮಿಷ. ಅದರಲ್ಲಿ 20 ಸೆಕೆಂಡಿನಂತೆ ಮೂರು ಸಲ ಮಾತ್ರ ಮೈಯಲ್ಲಿದ್ದ ಶಕ್ತಿಯನ್ನೆಲ್ಲ ಸುರಿಯಬೇಕು. ದೇಹ ಆಮ್ಲಜನಕವನ್ನು ಬಳಸುವ ಗರಿಷ್ಠ ಸಾಮರ್ಥ್ಯ ಎರಡೂ ಗುಂಪುಗಳಲ್ಲಿ ಶೇ 19ರಷ್ಟು ಏರಿತು. ಕೊಬ್ಬು ಕರಗುವ ಲೆಕ್ಕದಲ್ಲೂ ಹೇಳಿಕೊಳ್ಳುವಂಥ ಅಂತರವಿಲ್ಲ. ಹಿಟ್ ಮಾಡಿದರೆ ಆಮೇಲೂ ದಿನವಿಡೀ ಕೊಬ್ಬು ಉರಿಯುತ್ತದೆ ಎನ್ನುತ್ತಾರಲ್ಲ, ಅದು ಪೂರ್ತಿ ಸುಳ್ಳಲ್ಲ. ಆದರೆ ಉರಿಯುವುದು ಚಿಲ್ಲರೆ. ಇಷ್ಟು ಹೇಳುವ ಹೊತ್ತಿಗೆ ಕೇಳಿದವರ ಕಣ್ಣು ಮೆಲ್ಲಗೆ ನನ್ನ ಹೊಟ್ಟೆಯ ಮೇಲೆ ಇಳಿದಿರುತ್ತದೆ. ಅದು ಬೇರೆ ವಿಷಯ. ಅದನ್ನು ಇಲ್ಲಿಗೆ ಎಳೆದು ತರಬೇಡಿ.

ಪರಿಚಯದವರೊಬ್ಬರು ಒಂದು ದಿನ ‘ನಾನು ದಿನಾಲೂ ತಬಾಟ ಮಾಡುತ್ತೇನೆ, ನಾಲ್ಕೇ ನಿಮಿಷ, ಬೆವರು ಕೂಡ ಬರುವುದಿಲ್ಲ’ ಎಂದರು. ಬೆವರು ಬಾರದ ತಬಾಟ! ತಬಾಟ ಎಂಬುದು ಹಿಟ್‌ನದೇ ಒಂದು ಬಗೆ, ಜಪಾನಿನ ವ್ಯಾಯಾಮ ವಿಜ್ಞಾನಿ ಇಝುಮಿ ತಬಾಟ ಅವರ ಹೆಸರಿನದು. ಅವರು 1996ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 20 ಸೆಕೆಂಡ್ ಸೈಕಲ್ ತುಳಿತ, 10 ಸೆಕೆಂಡ್ ಬಿಡುವು, ಹೀಗೆ ಏಳೆಂಟು ಸುತ್ತು. ತುಳಿದವರು ದೈಹಿಕ ಶಿಕ್ಷಣ ಓದುತ್ತಿದ್ದ ಹುಡುಗರು. ಪೆಡಲ್ ನಿಮಿಷಕ್ಕೆ 90 ಸಲ ತಿರುಗಬೇಕು. 85ಕ್ಕಿಂತ ಕೆಳಗಿಳಿದರೆ ಅಂದಿನ ಆಟ ಮುಗಿದಂತೆ. ಆ ಹೊತ್ತಿಗೆ ಹುಡುಗರೂ ಮುಗಿದಿರುತ್ತಿದ್ದರು. ಅದೇ ಗುಂಪು ವಾರಕ್ಕೊಂದು ದಿನ ಅರ್ಧ ಗಂಟೆ ಸಮವೇಗದಲ್ಲೂ ತುಳಿಯುತ್ತಿತ್ತು ಎಂಬುದನ್ನು ಮಾತ್ರ ಯಾರೂ ಬಾಯಿ ಬಿಡುವುದಿಲ್ಲ.

ನನಗೆ ರೇಗಿತು. ‘ಸೈಕಲ್ ಹತ್ತಿ’ ಎಂದೆ. ಮೂರನೆಯ ಸುತ್ತಿಗೆ ಅವರ ಮಾತು ನಿಂತಿತು. ಐದನೆಯದರ ನಡುವೆ ಇಳಿದು ನೆಲದ ಮೇಲೆ ಕುಳಿತುಬಿಟ್ಟರು. ಬಿಚ್ಚಿಕೊಂಡ ಶೂ ಲೇಸಿನ ಎರಡೂ ತುದಿಗಳನ್ನು ಕೈಯಲ್ಲಿ ಹಿಡಿದು, ಅವುಗಳಿಂದ ಏನು ಮಾಡಬೇಕೆಂಬುದೇ ಮರೆತುಹೋದವರಂತೆ ನೋಡುತ್ತಿದ್ದರು. ಮೊದಲು ನನಗೆ ಖುಷಿಯಾಯಿತು, ಒಪ್ಪಿಕೊಳ್ಳುತ್ತೇನೆ. ಆಮೇಲೆ ಭಯವಾಯಿತು. ಐವತ್ತು ದಾಟಿದವರನ್ನು, ಹೃದಯದ ತೊಂದರೆ ಏನಾದರೂ ಇದೆಯೇ ಎಂದು ಸಹ ವಿಚಾರಿಸದೆ ಹತ್ತಿಸಿದ್ದು ನನ್ನ ಅವಿವೇಕ. ಉಸಿರು ಮರಳಿದ ಮೇಲೆ ಅವರು ಆಡಿದ ಮೊದಲ ಮಾತು: ‘ಹಾಗಾದರೆ ಕಾರ್ಡಿಯೋವೇ ಒಳ್ಳೆಯದು, ಅಲ್ಲವೇ?’

ಅವರ ಕಾರ್ಡಿಯೋವನ್ನೂ ನಾನು ನೋಡಿದ್ದೇನೆ. ಮುಖ ಕೆಂಪಗೆ, ಹಲ್ಲು ಕಚ್ಚಿಕೊಂಡು ಓಡುತ್ತಾರೆ. ಹಗುರವಾಗಿ ಓಡಬೇಕಾದ ದಿನ ಅತಿ ಜೋರು, ಜೋರಾಗಿ ಓಡಬೇಕಾದ ದಿನ ಅತಿ ಹಗುರ. ಎರಡೂ ನಡುವೆ ಎಲ್ಲೋ ಬಂದು ಸೇರುತ್ತವೆ. ಹೆಸರು ಎರಡು, ಓಟ ಒಂದೇ. ಅವೆರಡರಲ್ಲಿ ಯಾವುದು ಒಳ್ಳೆಯದೆಂದು ನಾನು ಏನು ಹೇಳಲಿ?

ಅದಕ್ಕಿಂತ ‘ನಿಧಾನ ಎಂದರೆ ಎಷ್ಟು ನಿಧಾನ?’ ಎಂದು ಕೇಳಬಾರದೇ? ಇಷ್ಟು ವರ್ಷಗಳಲ್ಲಿ ಒಬ್ಬರೂ ಕೇಳಿಲ್ಲ. ನಿಧಾನವನ್ನು ಯಾರಾದರೂ ಕಲಿಯುತ್ತಾರೆಯೇ ಎಂಬ ಭಾವನೆ. ಕಲಿಯಬೇಕು ಸ್ವಾಮಿ. ಓಡುತ್ತ ಹದಿನೇಳರ ಮಗ್ಗಿ ಹೇಳಿ. ಸಾಲು ತುಂಡಾಗದೆ ಬಂದರೆ ವೇಗ ಸರಿಯಿದೆ. ರಾಗ ಹಾಕಿ ಹಾಡುವಷ್ಟು ಪುರುಸೊತ್ತಿದ್ದರೆ ಸ್ವಲ್ಪ ಬಿರುಸಾಗಿ. ನಾನು ಮೊದಲ ಸಲ ಇದನ್ನು ಮಾಡಿದಾಗ ‘ಹದಿನೇಳು ನಾಲ್ಕಲಿ’ ಎಂಬಲ್ಲಿಗೆ ಉಸಿರು ಕಟ್ಟಿತು. ಅರವತ್ತೆಂಟು ಬರಲೇ ಇಲ್ಲ. ವರ್ಷಗಟ್ಟಲೆ ಅದನ್ನೇ ನಾನು ಹಗುರ ಓಟ ಎಂದುಕೊಂಡಿದ್ದೆ. ಮಗ್ಗಿಗೆ ತಕ್ಕಂತೆ ವೇಗ ಇಳಿಸಿದ ದಿನ, ಬೆಳಗಿನ ನಡಿಗೆಗೆ ಬಂದಿದ್ದ ಅಜ್ಜಿಯೊಬ್ಬರು ನನ್ನನ್ನು ಹಿಂದಿಕ್ಕಿ ಹೋದರು, ತಿರುಗಿಯೂ ನೋಡದೆ. ಈಗ ನನ್ನ ಆ ಹಳೆಯ ವೇಗದಲ್ಲೇ ಮಗ್ಗಿ ನೂರ ಎಪ್ಪತ್ತರವರೆಗೆ ತಡೆಯಿಲ್ಲದೆ ಮುಗಿಯುತ್ತದೆ.

ಹಿಟ್ ದಿನದ ಪರೀಕ್ಷೆ ಇನ್ನೂ ಚಿಕ್ಕದು: ‘ಹದಿನೇಳೊಂದಲಿ’ ಎನ್ನಲೂ ಉಸಿರು ಇರಬಾರದು. ನನಗೆ ವಾರಕ್ಕೆ ಅಂಥದ್ದು ಒಂದು ದಿನ ಸಾಕು, ಉಳಿದ ದಿನ ಮಗ್ಗಿ.

ಇದನ್ನು ಆ ಪರಿಚಯದವರಿಗೂ ಹೇಳಿದ್ದೆ. ಮೊನ್ನೆ ಲಿಫ್ಟಿನಲ್ಲಿ ಸಿಕ್ಕಿದರು. ಹದಿನೇಳರ ಬದಲು ಹತ್ತರ ಮಗ್ಗಿ ಹೇಳಿದರೆ ನಡೆಯುತ್ತದೆಯೇ ಎಂದು ಕೇಳಿದರು.